ಹನ್ನೆರಡು ಸಂಜೆ ನಾನು

"ಆರು ಗಂಟೆಯೊಳಗೆ ನೀವು ಎದ್ದು ಹೋಗ್ಬಿಡ್ಬೇಕು," ಅಂದಳು ಪ್ರಿಸಿಲ್ಲ ಟೀಚರ್.

ನಾನಿನ್ನೂ ಕುರ್ಚಿಯಲ್ಲಿ ಸರಿಯಾಗಿ ಕೂತಿರಲಿಲ್ಲ. ಬಂದವರಿಗೆ ಬಾಗಿಲಲ್ಲೇ ಹೊರಡುವ ಟೈಮ್ ಹೇಳುವ ಮನೆಯನ್ನು ನಾನು ನೋಡಿದ್ದು ಅದೇ ಮೊದಲು.

"ಯಾಕೆ, ಆರಕ್ಕೆ ಏನಿದೆ?"

"ಒಬ್ರು ಬರ್ತಾರೆ."

ಅಷ್ಟು ಹೇಳಿ ಅವಳು ಕನ್ನಡಕದ ಮೇಲಿಂದ ನನ್ನನ್ನೊಮ್ಮೆ ನೋಡಿದಳು. ಉತ್ತರ ಗೊತ್ತಿದ್ದೂ ಹುಡುಗರನ್ನು ಕಾಯಿಸುವ ಟೀಚರಮ್ಮನ ನೋಟ. ಬಲಗೈ ಹೆಬ್ಬೆರಳಿನಲ್ಲಿ ಚಾಕ್‌ಪೀಸಿನ ಪುಡಿ ಇನ್ನೂ ಅಂಟಿಕೊಂಡಿತ್ತು. ಆ ಬರುವವನು ಯಾರು, ಎಂಥವನು, ಒಂದೂ ನನಗೆ ಗೊತ್ತಿಲ್ಲ. ಆದರೆ ಅವನ ಮೇಲೆ ಸಿಟ್ಟು ಮಾತ್ರ ಆ ಕ್ಷಣವೇ ಬಂತು.

ನನ್ನ ಹೆಸರು ಜ್ಞಾನಮಿತ್ರ. ಚಾಮರಾಜನಗರ–ಗುಂಡ್ಲುಪೇಟೆ ಬಸ್ಸಿನ ಕಂಡಕ್ಟರ್. ಹೆಸರಿನಲ್ಲಿರುವ ಜ್ಞಾನ ತಲೆಯಲ್ಲಿಲ್ಲ ಅಂತ ನಮ್ಮ ಡ್ರೈವರ್ ನಾಗೇಂದ್ರ ದಿನಕ್ಕೆ ಎರಡು ಸಲವಾದರೂ ಹೇಳುತ್ತಾನೆ. ನವೆಂಬರ್ ಕೊನೆಗೆ ಗುಂಡ್ಲುಪೇಟೆಗೆ ವರ್ಗವಾಗಿ ಬಂದು, ಬಸ್‌ಸ್ಟ್ಯಾಂಡಿನ ಹಿಂದೆ ರೂಮು ಹಿಡಿದು, ಅಲ್ಲಿನ ಪುಟ್ಟ ಚರ್ಚಿಗೆ ಹೋಗತೊಡಗಿದ್ದೆ. ಮೊದಲ ಭಾನುವಾರವೇ ಪಾದ್ರಿಯವರ ಹೆಂಡತಿ ಕುಮಾರಿ ಅಮ್ಮನವರು ನನ್ನನ್ನು ಹಿಡಿದು ನಿಲ್ಲಿಸಿದರು.

"ರೈಟ್ ರೈಟ್ ಅಂತ ಕೂಗೋ ಗಂಟಲು. ಟೆನರ್‌ಗೆ ಸರಿಹೋಗ್ತದೆ. ನಮ್ಮ ಕ್ವಯರ್‌ನಲ್ಲಿ ಮೂರು ವರ್ಷದಿಂದ ಆ ಜಾಗ ಖಾಲಿ ಕಣಪ್ಪ," ಅಂದು, ಬೀರುವಿನಿಂದ ಹಳೆಯ ಕೀರ್ತನೆಯ ಪುಸ್ತಕವೊಂದನ್ನು ತೆಗೆದು ಕೊಟ್ಟರು. ಅದರಲ್ಲಿ ಹೆಸರಿರಲಿಲ್ಲ. ಒಂದು ಕ್ರಿಸ್ಮಸ್ ಕೀರ್ತನೆಯ ಸ್ವರಗಳ ಮೇಲೆ ಮಾತ್ರ ಯಾರೋ ಪೆನ್ಸಿಲಿನಲ್ಲಿ ತಿದ್ದಿದ್ದರು. ಅಚ್ಚಾದ ಸ್ವರ ಕೆಳಗಿಳಿಯುವ ಕಡೆ ಪೆನ್ಸಿಲಿನ ಸ್ವರ ಮೇಲೆ ಹತ್ತುತ್ತಿತ್ತು.

ಟೆನರ್ ಅಂದರೆ ಹಾಡಿನ ರಾಗವಲ್ಲ. ರಾಗದ ಪಕ್ಕದಲ್ಲಿ ನಡೆದುಕೊಂಡು ಬರುವ ಇನ್ನೊಂದು ದನಿ. ಅದೊಂದನ್ನೇ ಹಾಡಿದರೆ ಯಾವ ಹಾಡು ಅಂತ ಯಾರಿಗೂ ಗುರುತು ಸಿಗುವುದಿಲ್ಲ. ಪಕ್ಕದಲ್ಲಿ ನಿಂತು ರಾಗ ಹಾಡಿದವರಿಗೆ ಮಾತ್ರ ಸಿಗುತ್ತದೆ. ನನ್ನ ರೂಮಿನ ಓನರಿಗಂತೂ ಅದು ಹೊಟ್ಟೆನೋವಿನ ನರಳಾಟದ ಹಾಗೆ ಕೇಳಿಸಿತಂತೆ. ಅದಕ್ಕೇ ಡಿಸೆಂಬರ್ ನಾಲ್ಕರಿಂದ ನಾನು ಡ್ಯೂಟಿ ಮುಗಿಸಿ, ಸಂಜೆ ಆರಕ್ಕೆ ಕೆರೆ ಏರಿಯ ಮೇಲೆ ಹೋಗಿ ಪ್ರಾಕ್ಟೀಸ್ ಮಾಡುತ್ತಿದ್ದೆ. ಆ ಹೊತ್ತಿಗೆ ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಮಂಜು ಇಳಿದು ಅರಿಸಿನದ ಹೊಲಗಳನ್ನೆಲ್ಲ ಮುಚ್ಚಿಬಿಡುತ್ತದೆ. ಯಾರಿಗೂ ನಾನು ಕಾಣುತ್ತಿರಲಿಲ್ಲ, ನನಗೂ ಯಾರೂ ಕಾಣುತ್ತಿರಲಿಲ್ಲ.

ಕುಮಾರಿ ಅಮ್ಮನವರಿಗೆ ಇನ್ನೊಂದು ಕೆಲಸವೂ ಇತ್ತು. ಡಿಸೆಂಬರಿನಲ್ಲಿ ನಮ್ಮವರು ಕ್ಯಾರಲ್ ಹಾಡುತ್ತ ಮನೆಮನೆಗೆ ಹೋಗುತ್ತಾರೆ. ಹಬ್ಬಕ್ಕೆ ಎಲ್ಲರೂ ಬಾಗಿಲಿಗೆ ಕಟ್ಟುವ ಕಾಗದದ ನಕ್ಷತ್ರವನ್ನು ಸಾವಾದ ಮನೆಯವರು ಕಟ್ಟುವುದಿಲ್ಲ. ನಕ್ಷತ್ರವಿಲ್ಲದ ಮನೆ ಬಂದರೆ ಹಾಡುವವರು ಡೋಲು ನಿಲ್ಲಿಸಿ, ಸದ್ದಿಲ್ಲದೆ ದಾಟಿ ಮುಂದೆ ಹೋಗುತ್ತಾರೆ. ಮಾಡುವುದು ಗೌರವಕ್ಕೇ.

"ಆದ್ರೆ ಒಳಗೆ ಕೂತಿರೋರಿಗೆ ಹೆಂಗನ್ಸಬೇಕು? ಹಬ್ಬ ನಮ್ಮ ಬಾಗಿಲ ತನಕ ಬಂದು, ನಮ್ಮ ಮುಖ ನೋಡಿ ವಾಪಸ್ ಹೋಯ್ತು ಅನ್ಸಲ್ವಾ?" ಅನ್ನುತ್ತಿದ್ದರು ಅಮ್ಮನವರು.

ಅದಕ್ಕಾಗಿ ಅವರು ನಕ್ಷತ್ರವಿಲ್ಲದ ಒಂದೊಂದು ಮನೆಗೂ ಒಬ್ಬೊಬ್ಬರನ್ನು ಗೊತ್ತು ಮಾಡಿ, ವಾರಕ್ಕೆ ಮೂರು ಸಂಜೆ ಸುಮ್ಮನೆ ಕೂತು ಬರಲು ಕಳಿಸುತ್ತಿದ್ದರು. ಹೋಗುವವರಿಗೆ ಹಳೆ ಕ್ಯಾಲೆಂಡರಿನ ಬೆನ್ನಿಗೆ ನಿಯಮ ಬರೆದುಕೊಡುತ್ತಿದ್ದರು. ಹ್ಯಾಪಿ ಕ್ರಿಸ್ಮಸ್ ಅನ್ನಬಾರದು. ಕೇಕು ಒಯ್ಯಬಾರದು. ಎಲ್ಲ ದೇವರ ಚಿತ್ತ ಅಂತ ಅಪ್ಪಿತಪ್ಪಿಯೂ ಅನ್ನಬಾರದು. ಕೇಳಿದರೆ ಮಾತ್ರ ಪ್ರಾರ್ಥನೆ. ಅಲ್ಲಿ ಕೇಳಿದ್ದು ಅಲ್ಲೇ ಉಳಿಯಬೇಕು.

ಪ್ರಿಸಿಲ್ಲಳ ಮನೆಗೆ ಪ್ರತಿ ವರ್ಷ ಅಮ್ಮನವರೇ ಹೋಗುತ್ತಿದ್ದರು. ಈ ವರ್ಷ ಅವರ ಮಂಡಿ ಕೈಕೊಟ್ಟಿತು. ಒಂಟಿ ಹೆಂಗಸಿನ ಮನೆಗೆ ಒಂಟಿ ಗಂಡಸು ಹೋದರೆ ಊರು ಸುಮ್ಮನಿರುತ್ತದೆಯೇ? ಅದಕ್ಕೆ ಪಕ್ಕದ ಮನೆಯ ಪುಟ್ಟಸಿದ್ದಮ್ಮನಿಗೆ ಹೇಳಿ, ನಾನು ಹೋದಾಗಲೆಲ್ಲ ಆ ಅಜ್ಜಿ ಜಗುಲಿಯಲ್ಲಿ ನಮ್ಮ ಜೊತೆ ಕೂರುವ ಏರ್ಪಾಡು ಮಾಡಿದರು. ಒಂಬತ್ತನೇ ತಾರೀಖು ನಾನು ಮೊದಲ ಸಲ ಹೋದೆ. ಆರಕ್ಕೆ ಯಾರೋ ಬರುತ್ತಾರೆ ಅಂತ ಅವಳು ಹೇಳಿದ್ದು ಆವತ್ತೇ.

ಎರಡನೇ ಸಲ ಹೋದಾಗ ನೆನೆಸಿದ ಅವರೆಕಾಳಿನ ಪಾತ್ರೆ ಮಧ್ಯದಲ್ಲಿತ್ತು. ಹಿದುಕವರೆ ಸಾರಿಗೆ ಸಿಪ್ಪೆ ತೆಗೆಯುತ್ತಿದ್ದರು. ಪುಟ್ಟಸಿದ್ದಮ್ಮ ನನ್ನ ಮುಂದೂ ಒಂದು ಬೊಗಸೆ ಸುರಿದಳು. ನಾನು ಹಿಸುಕಿದ ಮೊದಲ ಕಾಳೇ ಚಂಗನೆ ಹಾರಿ ಟೀಚರ್ ಕನ್ನಡಕಕ್ಕೆ ಬಡಿಯಿತು.

"ಬಸ್ಸಲ್ಲಿ ಚಿಲ್ಲರೇನೂ ಹಿಂಗೇ ಎಸೀತೀರಾ ಕಂಡಕ್ಟರೇ?"

"ಜನ ಚಿಲ್ಲರೆ ಕೊಟ್ರೆ ತಾನೆ ಎಸೆಯೋದು?"

ಅವಳ ಕೆಳತುಟಿಯ ತುದಿಯಲ್ಲಿ ನಗು ಬಂದು ನಿಂತಿತು. ಹಲ್ಲಿನಲ್ಲಿ ಅದನ್ನು ಕಚ್ಚಿ ಹಿಡಿದಳು, ಆಗಲಿಲ್ಲ, ನಕ್ಕೇಬಿಟ್ಟಳು. ನಕ್ಕ ಮರುಕ್ಷಣ ತಪ್ಪು ಮಾಡಿದವಳಂತೆ ತಿರುಗಿ ಒಳಮನೆಯ ಹಿಂದಿನ ಕಿಟಕಿಯ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಕಿಟಕಿಯ ಆಚೆ ಮಂಜು ಬರುತ್ತಿತ್ತು.

"ಐದೂಮುಕ್ಕಾಲು ಆಯ್ತು," ಅಂದಳು.

ನಾನು ಎದ್ದು ಬಂದೆ. ಆದರೆ ಆ ನಗು ನನ್ನ ಜೊತೆಗೇ ಬಂತು. ಕೆರೆ ಏರಿಯ ಮೇಲೆ ನಿಂತು ಹಾಡಿದಾಗಲೂ ಅದೇ ಮನಸ್ಸಿನಲ್ಲಿತ್ತು. ಕೊನೆಯ ಸಾಲಿನ ಹತ್ತಿರ ಬಂದು, ಎಂದಿನಂತೆ ಅಲ್ಲಿಗೇ ನಿಲ್ಲಿಸಿದೆ. ಆ ಪೆನ್ಸಿಲಿನ ಸ್ವರ ನನ್ನ ಗಂಟಲಿಗೆ ಎಟುಕುತ್ತಿರಲಿಲ್ಲ. ಒಂದು ದಿನವೂ ಎಟುಕಿರಲಿಲ್ಲ.

ಮಾರನೆಯ ದಿನ ನನ್ನ ಸರದಿ ಅಲ್ಲ. ಆದರೂ ಹೋದೆ. ಹೊಟ್ಟೆಕಿಚ್ಚು ಅಂತಲೇ ಹೇಳಿಬಿಡುತ್ತೇನೆ, ಈಗ ಮುಚ್ಚಿಟ್ಟು ಏನಾಗಬೇಕು? ಆರಕ್ಕೆ ಹತ್ತು ನಿಮಿಷವಿದೆ ಅನ್ನುವಾಗ ಅವಳಿಗೆ ಹೋಗಿಬರ್ತೀನಿ ಅಂದು, ಬೀದಿ ಸುತ್ತಿ, ಮನೆಯ ಹಿಂದಿನ ಅರಿಸಿನದ ಹೊಲದೊಳಗೆ ನುಗ್ಗಿ ಕೂತೆ. ಒಣಗುತ್ತಿದ್ದ ಎಲೆಗಳು ಮೈಮೇಲೆ ಸರಸರ ಅಂದವು. ಕಾಲಡಿ ನೆಲ ತಣ್ಣಗೆ ಕೊರೆಯುತ್ತಿತ್ತು.

ಹಿಂದಿನ ಕಿಟಕಿ ತೆರೆಯಿತು. ಅವಳು ಬಂದು ಕೂತಳು. ಮುಖ ತೊಳೆದು, ತಲೆ ಬಾಚಿ, ಬೇರೆ ಸೀರೆ ಉಟ್ಟಿದ್ದಳು. ಹತ್ತು ನಿಮಿಷದಲ್ಲಿ ಅದೆಲ್ಲ ಹೇಗೆ ಮಾಡಿದಳೋ. ಪಕ್ಕದಲ್ಲಿ ಇನ್ನೊಂದು ಕುರ್ಚಿ ಎಳೆದು ಹಾಕಿದಳು. ಖಾಲಿ ಕುರ್ಚಿ. ಆಮೇಲೆ ಕತ್ತು ಒಂದಿಷ್ಟು ಓರೆ ಮಾಡಿ, ಹೊಲದ ಆಚೆಗೆ ಕಿವಿಕೊಟ್ಟು ಕೂತಳು.

ಯಾರೂ ಬರಲಿಲ್ಲ. ಆರು ಕಳೆಯಿತು, ಆರೂಕಾಲು ಕಳೆಯಿತು. ಅವಳ ಮುಖ ಸ್ವಲ್ಪಸ್ವಲ್ಪವಾಗಿ ಆರುತ್ತಾ ಬಂದದ್ದನ್ನು ನಾನು ನೋಡಿದೆ. ಕೊನೆಗೆ ಅವಳು ಖಾಲಿ ಕುರ್ಚಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಕ್ಷಮಿಸಿ, ಇನ್ಮೇಲೆ ನಗಲ್ಲ," ಅಂದಳು.

ಅಷ್ಟರಲ್ಲಿ ಹಿಂದಿನಿಂದ ಯಾರೋ ನನ್ನ ಹೆಗಲು ಹಿಡಿದರು. ಬೆಚ್ಚಿ ತಿರುಗಿದೆ.

"ಏನಪ್ಪ ಕಂಡಕ್ಟ್ರು, ಇಲ್ಲೇನ್ ಮಾಡ್ತಿದ್ದಯ್?" ಪುಟ್ಟಸಿದ್ದಮ್ಮ. ಕೈಯಲ್ಲಿ ಕುಡುಗೋಲು ಬೇರೆ.

"ಅಜ್ಜೀ, ಯಾರು ಬರ್ತಾರೆ ಅವರ ಮನೆಗೆ?"

ಅಜ್ಜಿ ನನ್ನನ್ನು ಹುಣಸೆಮರದ ಕೆಳಕ್ಕೆ ಎಳೆದುಕೊಂಡು ಹೋದಳು. "ಅವ್ಳ ಗಂಡ ಬತ್ತನೆ ಕಣಪ್ಪ. ರತ್ನಾಕ್ರ. ತೀರೋಗಿ ಮೂರು ವರ್ಸ ಆಯ್ತು. ಈ ಸಲ ಎಂಟೊಂಬತ್ ದಿನದಿಂದ ದಿನಾ ಆರ್ ಗಂಟ್ಗೆ ಬಂದು, ಆ ಕೆರೆ ಏರಿ ಮ್ಯಾಲೆ ನಿಂತ್ಕಂಡು ಪದ ಯೋಳ್ತನೆ. ನಾನೂ ಕೇಳಿವ್ನಿ. ಇವತ್ತೇ ಯಾಕೋ ಬರ್ನಿಲ್ಲ."

ಕೆರೆ ಏರಿ. ಆರು ಗಂಟೆ.

ನಾನು ತಿರುಗಿ ನೋಡಿದೆ. ದಿನಾ ನಾನು ನಿಲ್ಲುತ್ತಿದ್ದ ಏರಿ ಹೊಲದ ಆಚೆ, ಆ ಕಿಟಕಿಗೆ ನೇರ ಎದುರಿಗಿತ್ತು. ಬಸ್‌ಸ್ಟ್ಯಾಂಡ್ ಕಡೆಯಿಂದ ಹತ್ತುವ ನನಗೆ ಅದು ಇವಳ ಮನೆಯ ಹಿಂಬದಿ ಅಂತ ಹೊಳೆದೇ ಇರಲಿಲ್ಲ. ಮೂರ್ನಾಲ್ಕು ದಿನದಿಂದ ಯಾವ ಗಂಡಸಿನ ಮೇಲೆ ನಾನು ಹಲ್ಲು ಮಸೆಯುತ್ತಿದ್ದೆನೋ ಆ ಗಂಡಸು ನಾನೇ ಆಗಿದ್ದೆ. ನಗು ಬರಬೇಕಿತ್ತು. ಬರಲಿಲ್ಲ.

ರೂಮಿಗೆ ಹೋಗಿ ಪುಸ್ತಕ ತೆರೆದೆ. ಚರ್ಚಿನಲ್ಲಿ ಟೆನರ್ ಜಾಗ ಖಾಲಿಯಾಗಿಯೂ ಮೂರು ವರ್ಷವೇ ಆಗಿತ್ತು. ಆ ಪೆನ್ಸಿಲಿನ ಗೆರೆಗಳು ಯಾರವು ಅಂತ ಯಾರೂ ಹೇಳಬೇಕಾಗಿರಲಿಲ್ಲ. ಇವತ್ತಿನ ತನಕ ಹೆಸರೂ ಗೊತ್ತಿರದಿದ್ದ ಸತ್ತವನೊಬ್ಬನ ದನಿಯನ್ನು, ಅವನು ಎಲ್ಲಿ ಹತ್ತಿ ಎಲ್ಲಿ ಇಳಿಯುತ್ತಿದ್ದನೋ ಹಾಗೇ, ದಿನಾ ಹೋಗಿ ಅವನ ಹೆಂಡತಿಯ ಕಿಟಕಿಗೆ ಹಾಡಿ ಬರುತ್ತಿದ್ದೆ.

ಮಾರನೆಯ ದಿನ ಹಾಡಬಾರದು ಅಂದುಕೊಂಡೆ. ಆದರೆ ಆ ಖಾಲಿ ಕುರ್ಚಿ, ಆ "ಕ್ಷಮಿಸಿ" ಕಣ್ಣಿಂದ ಹೋಗಲಿಲ್ಲ. ಆರಕ್ಕೆ ಕಾಲು ತಾನೇ ಏರಿ ಹತ್ತಿತು. ಹಾಡಿದೆ. ಅದು ಸುಳ್ಳು ಅಂತ ಗೊತ್ತಿದ್ದೂ ಹಾಡಿದೆ. ಹದಿಮೂರು, ಹದಿನಾಲ್ಕು, ಹದಿನೈದು. ಕಿಟಕಿಯಲ್ಲಿ ದೀಪ ಉರಿಯುತ್ತಿತ್ತು.

ಹದಿನಾರನೇ ತಾರೀಖು ಅವಳೇ ಹೇಳಿದಳು. ಪುಟ್ಟಸಿದ್ದಮ್ಮ ಗೋಡೆಗೆ ಒರಗಿ ತೂಕಡಿಸುತ್ತಿದ್ದಳು.

"ನಾನು ಸೈನ್ಸ್ ಟೀಚರ್ ರೀ. ಶಬ್ದಕ್ಕೆ ಗಾಳಿ ಬೇಕು, ಗಂಟಲು ಬೇಕು ಅಂತ ಮಕ್ಕಳಿಗೆ ಪಾಠ ಮಾಡೋಳು. ಆದ್ರೆ ನನ್ನ ಯಜಮಾನ್ರ ಟೆನರ್ ನನಗೆ ಗೊತ್ತಾಗಲ್ವಾ? ಅವರು ಪುಸ್ತಕದಲ್ಲಿದ್ದ ಹಾಗೆ ಹಾಡ್ತಾನೇ ಇರಲಿಲ್ಲ. ಎರಡನೇ ಸಾಲಲ್ಲಿ ಮೇಲೆ ಹತ್ತಿಬಿಡೋರು, ನನ್ನನ್ನ ಸತಾಯಿಸೋಕೆ. ಪ್ರಪಂಚದಲ್ಲಿ ಇನ್ಯಾರೂ ಹಂಗೆ ಹಾಡಲ್ಲ."

ನಾನು ನೆಲ ನೋಡುತ್ತಿದ್ದೆ.

"ಮೂರು ವರ್ಷದ ಕೆಳಗೆ ಇಪ್ಪತ್ಮೂರನೇ ತಾರೀಖು ಕೇರಳದ ಬತ್ತೇರಿಗೆ ಹೋಗಿದ್ರು, ಅಲ್ಲಿ ಫ್ರೆಂಡ್ ಚರ್ಚಲ್ಲಿ ಹಾಡೋಕೆ. ನನಗೆ ಕೋಪ. ಇಲ್ಲಿ ನಮ್ಮ ಪ್ರಾಕ್ಟೀಸ್ ಅರ್ಧಕ್ಕೆ ಬಿಟ್ಟು ಹೋದ್ರಲ್ಲ ಅಂತ. ಬಂಡೀಪುರದ ರಸ್ತೆ ರಾತ್ರಿ ಒಂಬತ್ತಕ್ಕೆ ಮುಚ್ತಾರಲ್ಲ, ಫೋನ್ ಮಾಡಿ, ಗೇಟ್ ಹಾಕೋದ್ರೊಳಗೆ ಬರೋದಾದ್ರೆ ಬನ್ನಿ, ಇಲ್ದಿದ್ರೆ ಬರಲೇಬೇಡಿ ಅಂದೆ. ಗೇಟ್ ಸಿಗ್ಲಿ ಅಂತ ಜೋರಾಗಿ ಬೈಕ್ ಓಡಿಸಿದ್ರು, ಮನೆ ಮುಟ್ಟಲೇ ಇಲ್ಲ." ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. "ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರಲ್ಲ. ನನ್ನದು ಹೋಯ್ತು."

ನಿಯಮದಲ್ಲಿ ಬೇಡ ಅಂದಿದ್ದ ಮಾತುಗಳೆಲ್ಲ ನನ್ನ ನಾಲಗೆಗೆ ಬಂದವು. ನುಂಗಿಕೊಂಡೆ.

"ಇನ್ನೂ ಕೋಪ ಇದೆ ಅವರಿಗೆ. ಅದಕ್ಕೇ ಕೊನೆ ಸಾಲು ಹಾಡಲ್ಲ," ಅಂದಳು ಅವಳು. "ದಿನಾ ಅಲ್ಲಿ ತನಕ ಬಂದು ನಿಲ್ಲಿಸಿಬಿಡ್ತಾರೆ. ಅವತ್ತು ನಿಮ್ಮ ಜೊತೆ ನಕ್ಕೆ ನೋಡಿ, ಮಾರನೇ ದಿನ ಬರಲೇ ಇಲ್ಲ."

ನನ್ನ ಗಂಟಲಿಗೆ ಎಟುಕದ ಒಂದು ಸ್ವರ ಅವಳಿಗೆ ದಿನಾ ಶಿಕ್ಷೆಯಾಗಿ ಕೇಳಿಸುತ್ತಿತ್ತು. ಆಗಲೇ ಹೇಳಬೇಕಿತ್ತು, ಅದು ನಾನು, ನನಗೆ ಹಾಡಲು ಬರುವುದಿಲ್ಲ, ಅಷ್ಟೇ, ಅಂತ. ಬಾಯಿ ತೆರೆದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಕನ್ನಡಕವಿಲ್ಲದ ಆ ಕಣ್ಣುಗಳನ್ನು ನಾನು ಮೊದಲ ಸಲ ನೋಡುತ್ತಿದ್ದೆ. ಧೈರ್ಯ ಬರಲಿಲ್ಲ. ಹೇಳಿದರೆ ಅವಳ ಗಂಡ ಎರಡನೇ ಸಲ ಸಾಯುತ್ತಾನೆ, ನನ್ನ ಬಾಯಿಂದಲೇ ಸಾಯುತ್ತಾನೆ ಅನ್ನಿಸಿತು. ಹೇಳಿದ ಮೇಲೆ ಅವಳು ಮತ್ತೆಂದೂ ನನ್ನ ಮುಖ ನೋಡುವುದಿಲ್ಲ ಅನ್ನುವುದೂ ಇತ್ತು. ಯಾವ ಭಯ ದೊಡ್ಡದು ಅಂತ ನಾನು ಪ್ರಾಮಾಣಿಕವಾಗಿ ಹೇಳಲಾರೆ.

ಅವತ್ತು ಸಂಜೆ ಏರಿಯ ಮೇಲೆ ಆ ಕೊನೆಯ ಸಾಲಿಗೆ ಪ್ರಾಣ ಬಿಟ್ಟು ಪ್ರಯತ್ನ ಮಾಡಿದೆ. ದನಿ ಒಡೆದು ಕೆಮ್ಮು ಬಂತು. ಕೆಮ್ಮು ಅಲ್ಲಿಗೆ ಕೇಳಿಸೀತು ಅಂತ ಟವೆಲಿನಲ್ಲಿ ಬಾಯಿ ಮುಚ್ಚಿಕೊಂಡೆ.

ಹದಿನೇಳರಂದು ಗುಂಡ್ಲುಪೇಟೆಗೆ ವಾಪಸ್ ಬರುವಾಗ ತೆರಕಣಾಂಬಿಯ ಹತ್ತಿರ ನಮ್ಮ ಬಸ್ಸಿನ ಕ್ಲಚ್ ಹೋಯಿತು. ಜನರನ್ನು ಬೇರೆ ಬಸ್ಸಿಗೆ ಹತ್ತಿಸಿ, ನಾನು ನಾಗೇಂದ್ರ ಇಬ್ಬರೂ ರಸ್ತೆ ಬದಿ ನಿಂತೆವು. ಆರು ಗಂಟೆಗೆ ನಾನು ಬಾನೆಟ್ಟಿನೊಳಕ್ಕೆ ಟಾರ್ಚ್ ಹಿಡಿದುಕೊಂಡಿದ್ದೆ. ಕಿಟಕಿಯಲ್ಲಿ ಅವಳು ಕಾಯುತ್ತಿರುತ್ತಾಳೆ ಅನ್ನುವುದೊಂದೇ ತಲೆಯಲ್ಲಿ. ಒಂದು ಸ್ವರ ಗುನುಗಲಿಲ್ಲ. ಆ ರಾತ್ರಿ ಬಸ್ಸನ್ನು ಚಾಮರಾಜನಗರದ ಡಿಪೋಗೆ ಎಳೆಸಿ, ಅಲ್ಲೇ ಮಲಗಿದೆವು.

ಹದಿನೆಂಟರ ಸಂಜೆ ಅವಳ ಗೇಟು ತೆರೆದೆ. ನಿನ್ನೆ ಬರಲಿಲ್ಲ ಅಂತ ಅಳುತ್ತಾ ಕೂತಿರುತ್ತಾಳೆ ಅಂದುಕೊಂಡಿದ್ದೆ. ಅವಳು ಬಾಗಿಲಲ್ಲೇ ನಿಂತಿದ್ದಳು. ಕಣ್ಣು ಅತ್ತು ಊದಿತ್ತು, ಮುಖ ಮಾತ್ರ ತೊಳೆದಿಟ್ಟ ಹಿತ್ತಾಳೆಯ ಹಾಗೆ ಹೊಳೆಯುತ್ತಿತ್ತು.

"ನಿನ್ನೆ ಪೂರ್ತಿ ಹಾಡಿದ್ರು," ಅಂದಳು.

"ಯಾರು?"

"ಇನ್ಯಾರು? ಕೊನೆ ಸಾಲು ಹಾಡಿದ್ರು ಕಂಡಕ್ಟರೇ. ಮೇಲಕ್ಕೆ ಹತ್ತಿ, ಅಲ್ಲೇ ಹಿಡಿದು ನಿಲ್ಲಿಸಿ, ಆಮೇಲೆ ಮೆಲ್ಲಗೆ ಇಳಿಸಿ ಮುಗಿಸಿದ್ರು. ಏರಿ ಮೇಲಿಂದ ಅಲ್ಲ. ಹತ್ತಿರ ಬಂದಿದ್ರು."

ನಾನು ಪುಟ್ಟಸಿದ್ದಮ್ಮನ ಕಡೆ ನೋಡಿದೆ. ಅಜ್ಜಿ ಇಲ್ಲ ಅನ್ನಲಿ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ.

"ಊಂ ಕಣಪ್ಪ. ಈ ಉಣಿಸೆಮರದ ತಾವ್ಕೇ ಬಂದಿದ್ದ. ನನ್ ಮೈ ಮ್ಯಾಲಿನ ಕೂದ್ಲೆಲ್ಲ ನಿಂತ್ಕಬುಟ್ಟೊ. ನಮ್ ನಾಯಿ ನಿನ್ ಕಂಡ್ರೆ ಇವತ್ಗೂ ಬೊಗಳ್ತದೆ, ಅಲ್ವಾ? ನೆನ್ನೆ ಆ ಮರದ ಬುಡ್ಕೆ ಓಗಿ, ಯಾರೂ ಇಲ್ದೆ ಇರೋ ಕಡೆ ಬಾಲ ಆಡುಸ್ಕಂಡು ನಿಂತಿತ್ತು."

ಹೇಳಿಸಿಕೊಂಡಂತೆ ನಾಯಿ ನನ್ನನ್ನು ನೋಡಿ ಬೊಗಳಿತು.

"ಇನ್ನು ಬರಲ್ಲ ಅನ್ಸುತ್ತೆ," ಅಂದಳು ಪ್ರಿಸಿಲ್ಲ. "ಕ್ಷಮಿಸಿದ್ರು."

ನಾನು ಆವತ್ತು ಏರಿಯ ಕಡೆ ಕಾಲಿಡಲಿಲ್ಲ. ಬಸ್‌ಸ್ಟ್ಯಾಂಡಿನ ದೀಪದ ಕೆಳಗೆ, ಜನರ ಮಧ್ಯೆ, ರಾತ್ರಿಯಾಗುವ ತನಕ ನಿಂತಿದ್ದೆ. ರೂಮಿನಲ್ಲಿ ಆ ಪುಸ್ತಕವಿತ್ತು.

ಮಾರನೆಯ ದಿನ ಅಮ್ಮನವರ ಮನೆಗೆ ಹೋದೆ. ಅವರು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದರು. ಅಲ್ಲಿ ಕೇಳಿದ್ದನ್ನು ಹೊರಗೆ ಹೇಳುವ ಹಾಗಿಲ್ಲ, ಅದಕ್ಕೆ ಸುತ್ತಿ ಬಳಸಿ ಕೇಳಿದೆ. "ದುಃಖದಲ್ಲಿರೋರು ಒಂದು ತಪ್ಪು ತಿಳ್ಕೊಂಡು ಸಮಾಧಾನ ಆಗಿದ್ರೆ, ಅದನ್ನ ತಿದ್ದಬೇಕಾ ಅಮ್ಮಾ?"

ಎಣ್ಣೆ ತಿಕ್ಕುವ ಕೈ ನಿಲ್ಲಿಸಿ ಅವರು ನನ್ನ ಮುಖ ನೋಡಿದರು.

"ಆ ಪುಸ್ತಕ ರತ್ನಾಕರಂದು ಅಂತ ಗೊತ್ತಾಯ್ತೇನಪ್ಪ? ಕೊಡೋವಾಗ ಹೇಳಿದ್ರೆ ನೀನು ಮುಟ್ತಿರಲಿಲ್ಲ. ತಪ್ಪು ನಂದು." ಎಣ್ಣೆಯ ಬಟ್ಟಲು ಪಕ್ಕಕ್ಕಿಟ್ಟರು. "ನೋಡು, ಸುಳ್ಳು ಸಮಾಧಾನ ಯಾರಿಗೂ ಕೊಡಬಾರ್ದು. ಆದ್ರೆ ನಮ್ಮ ಜನ ಏನ್ ಮಾಡ್ತಾರೆ ಗೊತ್ತಾ? ಸತ್ಯ ಹೇಳಿ, ಪ್ರಾರ್ಥನೆ ಮಾಡಿ, ಎದ್ದು ಓಡಿಬಿಡ್ತಾರೆ. ಹೇಳೋದಾದ್ರೆ ಹೇಳು. ಹೇಳಿ ಅಲ್ಲೇ ಕೂತಿರು. ಬೈದ್ರೂ ಕೂತಿರು."

"ಅವರಿಗೆ ಕ್ಷಮೆ ಸಿಕ್ಕಿದೆ ಅಂದ್ಕೊಂಡಿದಾರೆ. ನಾನು ಬಾಯಿ ಬಿಟ್ರೆ ಅದೂ ಹೋಗುತ್ತೆ."

"ಕ್ಷಮೆ ಯಾವ ದಾರೀಲಿ ಬರುತ್ತೆ ಅಂತ ದೇವರು ಬೋರ್ಡ್ ಹಾಕಿಲ್ಲ ಕಣಪ್ಪ ಕಂಡಕ್ಟ್ರೇ. ನೀನು ನಿನ್ನ ಟ್ರಿಪ್ ಮಾಡು."

ಇಪ್ಪತ್ತರ ಸಂಜೆ ಹೇಳಿದೆ. ಜಗುಲಿಯಲ್ಲಿ, ಪುಟ್ಟಸಿದ್ದಮ್ಮನ ಮುಂದೆಯೇ ಹೇಳಿದೆ.

"ಟೀಚರ್, ನಾಲ್ಕನೇ ತಾರೀಖಿಂದ ಕೆರೆ ಏರಿ ಮೇಲೆ ಹಾಡಿದ್ದು ನಾನು. ಚರ್ಚಲ್ಲಿ ಕೊಟ್ಟ ಪುಸ್ತಕ ಅವರದು ಅಂತ ಗೊತ್ತಿರಲಿಲ್ಲ. ಹನ್ನೆರಡನೇ ತಾರೀಖು ಗೊತ್ತಾಯ್ತು. ಅವತ್ತು ಹಾಡದೆ, ನಿಮ್ಮ ಕಿಟಕಿ ಮುಂದೆ ಅವಿತು ಕೂತಿದ್ದೆ. ಗೊತ್ತಾದ ಮೇಲೂ ನಾಲ್ಕು ದಿನ ಹಾಡಿದೆ. ಕೊನೆ ಸಾಲು ಬಿಟ್ಟಿದ್ದು ಕೋಪಕ್ಕಲ್ಲ. ನನಗೆ ಆ ಸ್ವರ ಸಿಗಲ್ಲ. ಒಟ್ಟು ಹನ್ನೆರಡು ಸಂಜೆ ನಾನು."

ಅವಳು ಎದ್ದು ನಿಂತಳು.

"ಹದಿನೇಳನೇ ತಾರೀಖು ನಾನಲ್ಲ," ಅಂದೆ. "ಅವತ್ತು ಆರು ಗಂಟೆಗೆ ತೆರಕಣಾಂಬಿಲಿದ್ದೆ, ಬಸ್ ಕೆಟ್ಟಿತ್ತು. ಅದು ಯಾರು ಅಂತ ನನಗೆ ಗೊತ್ತಿಲ್ಲ. ನಾನಲ್ಲ ಅನ್ನೋದಷ್ಟೇ ಗೊತ್ತು."

"ಬಸ್ ಕೆಟ್ಟಿದ್ದು ನಿಜ ಕಣಮ್ಮಿ," ಅಂದಳು ಪುಟ್ಟಸಿದ್ದಮ್ಮ, ದನಿ ತಗ್ಗಿಸಿ. "ನಮ್ ಮೊಮ್ಮಗ ಮಾದೇಸ ಅದ್ರಲ್ಲೇ ಬಂದಿದ್ದ. ಈ ಕಂಡಕ್ಟ್ರು ಅಲ್ಲೇ ಉಳ್ಕಂಡ ಅಂದ."

ಮೂವರೂ ಹುಣಸೆಮರದ ಕಡೆ ನೋಡಿದೆವು. ಮಂಜಿನಲ್ಲಿ ಅದರ ಬುಡ ಕಾಣುತ್ತಿರಲಿಲ್ಲ.

"ನನ್ನ ಸಂಕಟ ನೋಡ್ತಾ ಕೂತಿದ್ರಿ," ಅಂದಳು ಪ್ರಿಸಿಲ್ಲ. ಜೋರಾಗಿ ಅಲ್ಲ. ಜೋರಾಗಿ ಅಂದಿದ್ದರೆ ಚೆನ್ನಾಗಿತ್ತು. "ನಾನು ಕ್ಷಮೆ ಕೇಳೋದನ್ನೂ ಕೇಳಿಸ್ಕೊಂಡ್ರಿ."

"ಹೌದು."

"ಯಾಕೆ ಸುಮ್ಮನಿದ್ರಿ?"

"ಹೇಳಿದ್ರೆ ನೀವು ನನ್ನ ಮುಖ ನೋಡಲ್ಲ ಅಂತ. ನೀವಂದ್ರೆ ನನಗೆ ಪ್ರಾಣ ಟೀಚರ್. ಸತ್ತವರ ದನೀಲಿ ನಿಂತ್ಕೊಂಡು ಅದನ್ನ ಹೇಳೋಕಾಗಲ್ಲ, ಅದಕ್ಕೇ ಈಗ ಹೇಳ್ತಿದೀನಿ."

"ಹೋಗಿ."

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಿಲಕದ ಸದ್ದು ಕೇಳಿಸಿತು. ನಾನು ಹೋಗಲಿಲ್ಲ. ಜಗುಲಿಯ ತುದಿಯಲ್ಲಿ ಕೂತೆ. ಆರು ಗಂಟೆಯಾಯಿತು. ಹಿಂದಿನ ಕಿಟಕಿ ತೆರೆದ ಸದ್ದು ಬಂತು. ಅವಳು ಒಳಗೆ, ನಾನು ಹೊರಗೆ, ನಡುವೆ ಒಂದು ಗೋಡೆ. ಇಬ್ಬರೂ ಉಸಿರು ಬಿಗಿಹಿಡಿದು ಕೇಳಿದೆವು. ಕಪ್ಪೆಯೂ ಕೂಗಲಿಲ್ಲ. ಅಷ್ಟು ತುಂಬಿದ ಮೌನವನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಯಾರೋ ಹಾಡಿ ಮುಗಿಸಿ, ಈಗಷ್ಟೇ ಎದ್ದು ಹೋದ ಮನೆಯ ಹಾಗಿತ್ತು.

ಏಳು ಗಂಟೆಗೆ ಪುಟ್ಟಸಿದ್ದಮ್ಮ ಬಂದು ಕಂಬಳಿಯೊಂದನ್ನು ನನ್ನ ಮೇಲೆ ಎಸೆದಳು. "ಓಗಪ್ಪ ಇನ್ನ, ಮಂಜಲ್ಲಿ ಸತ್ಗಿತ್ತೀಯೆ. ಅವ್ಳು ಅಳ್ತಾವ್ಳೆ. ಅಳ್ಲಿ ಬುಡು, ವೊಸಿ ಅಗುರಾಗ್ಲಿ."

ಡಿಸೆಂಬರ್ ಇಪ್ಪತ್ತೊಂದು, ವರ್ಷದ ಅತಿ ಸಣ್ಣ ಹಗಲು. ಪ್ರತಿ ವರ್ಷ ಆ ಸಂಜೆ ನಮ್ಮ ಚರ್ಚಿನಲ್ಲಿ ಭಾರ ಹೊತ್ತವರಿಗಾಗಿ ಒಂದು ಆರಾಧನೆ ನಡೆಯುತ್ತದೆ. ಗಂಟೆ ಬಾರಿಸುವುದಿಲ್ಲ, ಬಣ್ಣದ ದೀಪ ಹಚ್ಚುವುದಿಲ್ಲ. ಯಾರೂ ಹಾಡಲೇಬೇಕು ಅಂತಿಲ್ಲ. ಬೇಕಾದವರು ನಡುವೆ ಎದ್ದು ಹೋಗಬಹುದು. ಹತ್ತು ಹದಿನೈದು ಜನ ಬಂದಿದ್ದರು. ಮಗು ಕಳೆದುಕೊಂಡವರು, ಮನೆಯಲ್ಲಿ ಮಾತು ಬಿಟ್ಟವರು, ಯಾಕೆ ಬಂದೆವು ಅಂತ ಹೇಳದವರು. ಒಬ್ಬರ ಮುಖ ಒಬ್ಬರು ನೋಡಬೇಕಾಗದ ಹಾಗೆ ಬೆಂಚುಗಳನ್ನು ದೂರದೂರ ಹಾಕಿದ್ದರು.

ನಾನು ಪುಸ್ತಕವನ್ನು ಅಮ್ಮನವರ ಕೈಗೆ ವಾಪಸ್ ಕೊಟ್ಟು, ಟೆನರ್ ಹಾಡಲಾರೆ ಅಂದೆ. ಅವರು ಕಾರಣ ಕೇಳಲಿಲ್ಲ. "ಆ ಜಾಗ ಖಾಲಿ ಇಟ್ಟೇ ಹಾಡ್ತೀವಿ ಬಿಡು. ತುಂಬಿಸಲೇಬೇಕು ಅಂತ ನಾನೇ ಆತುರಪಟ್ಟೆ," ಅಂದರು. ನಾನು ಹಿಂದಿನ ಬೆಂಚಿನಲ್ಲಿ ಒಬ್ಬನೇ ಕೂತೆ. ಬಾಗಿಲ ಕಡೆ ನೋಡಬಾರದು ಅಂದುಕೊಂಡು ನೋಡಿದೆ, ಮತ್ತೆ ನೋಡಿದೆ. ಪಾದ್ರಿಯವರ ಪ್ರಾರ್ಥನೆ ಮುಗಿಯಿತು. ಅವಳು ಬರಲಿಲ್ಲ.

ಆ ಕೀರ್ತನೆ ಶುರುವಾಯಿತು. ಹೆಂಗಸರ ಎರಡು ದನಿ, ಕೆಳಗೆ ಪಾದ್ರಿಯವರ ಗಡುಸು ದನಿ. ಟೆನರ್ ಇರಬೇಕಾದ ಕಡೆ ಏನೂ ಇಲ್ಲ. ಹಲ್ಲು ಬಿದ್ದ ಜಾಗಕ್ಕೆ ನಾಲಗೆ ಹೋಗುವ ಹಾಗೆ ಎಲ್ಲರ ಕಿವಿಯೂ ಅಲ್ಲಿಗೇ ಹೋಗುತ್ತಿತ್ತು. ಎರಡನೇ ಸಾಲಿನಲ್ಲಿ ಬೆಂಚು ಸ್ವಲ್ಪ ಅಲುಗಿತು. ತಣ್ಣನೆ ಗಾಳಿ ತಾಗಿತು. ನನಗೆ ಪಕ್ಕಕ್ಕೆ ತಿರುಗಲು ನಿಜಕ್ಕೂ ಹೆದರಿಕೆಯಾಯಿತು.

ಚಾಕ್‌ಪೀಸಿನ ವಾಸನೆ ಬಂತು. ಆಮೇಲೆ ತಿರುಗಿದೆ.

ಅವಳು ನನ್ನ ಕಡೆ ನೋಡಲಿಲ್ಲ. ಕೊನೆಯ ಸಾಲು ಬರುವ ತನಕ ಮುಂದಿನ ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡು ಕೂತಿದ್ದಳು. ಕೊನೆಯ ಸಾಲು ಬಂತು. ಆ ಮೇಲಿನ ಸ್ವರದ ಜಾಗದಲ್ಲಿ ಹಾಡುವವರೆಲ್ಲ ಒಂದು ಗಳಿಗೆ ತಡೆದು ನಿಂತರು. ಅಲ್ಲಿ ಯಾರೂ ಹಾಡಲಿಲ್ಲ. ಎಲ್ಲಿಂದಲೂ ಯಾವ ದನಿಯೂ ಬರಲಿಲ್ಲ. ಹಾಡು ಆ ಖಾಲಿಯನ್ನು ದಾಟಿಕೊಂಡು ಮೆಲ್ಲಗೆ ಇಳಿದು ಮುಗಿಯಿತು.

ಅವಳು ಬೆಂಚಿನ ಅಂಚು ಬಿಟ್ಟಳು.

"ಒಂದು ಸಂಜೆ ಹಾಡಿದೋರು ಹೋದ್ರು, ಮಿತ್ರ," ಅಂದಳು, ನನಗೆ ಮಾತ್ರ ಕೇಳಿಸುವಷ್ಟು ಸಣ್ಣಗೆ. ನನ್ನ ಹೆಸರು ಹಿಡಿದು ಅವಳು ಕರೆದದ್ದು ಅದೇ ಮೊದಲು. "ಪೂರ್ತಿ ಹಾಡಿ ಹೋದ್ರು. ನೀವು ನಿಜ ಹೇಳಿದ್ದಕ್ಕೇ ನಾನು ಅದನ್ನ ನಂಬೋ ಹಾಗಾಯ್ತು. ಇನ್ನು ನಾನು ಅವರನ್ನ ಕರೆಯಲ್ಲ."

ನಾನು ಅವಳ ಕಡೆಗೆ ತಿರುಗಿ ಕೂತೆ.

"ಹನ್ನೆರಡು ಸಂಜೆ ಹಾಡಿದೋರು ಬೇಕು ನನಗೆ. ಆ ಸ್ವರ ಸಿಗದೆ ಇದ್ರೂ ಪರವಾಗಿಲ್ಲ."

ಬೆಂಚಿನ ಮೇಲೆ ಅವಳ ಕೈಯ ಪಕ್ಕ ನನ್ನ ಕೈ ಇಟ್ಟೆ. ಅವಳು ಹಿಡಿದುಕೊಂಡಳು.